ಗಟ್ಟಿಯಾಗಿ ಆಡಬೇಕಾಗಿದ್ದ ಗುಟ್ಟಿನ ಮಾತು

ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಹೊಸದಾಗಿ ಕೂತವರಿಗೆ ಬಿಸಿಯೂಟದ ಅಕ್ಕಿಯಿಂದ ಹಿಡಿದು ಪರೀಕ್ಷಾ ಕೇಂದ್ರದ ಬೀಗದವರೆಗೆ ಎಲ್ಲವನ್ನೂ ಹೇಳಿಕೊಡುವವರು ಸಿಗುತ್ತಾರೆ. ಗುಮಾಸ್ತರು ಹೇಳಿಕೊಡುತ್ತಾರೆ, ಪಕ್ಕದ ಶಾಲೆಯವರು ಹೇಳಿಕೊಡುತ್ತಾರೆ, ಗೊತ್ತಾಗದಿದ್ದರೆ ಇಲಾಖೆಯ ಸುತ್ತೋಲೆಯಾದರೂ ಇರುತ್ತದೆ. ಆದರೆ ದಿನವೂ ಎದುರು ಕೂತು ಟೀ ಕುಡಿಯುವ ಸಹೋದ್ಯೋಗಿಯ ಮುಖ ನೋಡಿ, ‘ನಿಮ್ಮಿಂದ ಇಲ್ಲಿ ತಪ್ಪಾಗುತ್ತಿದೆ’ ಎಂದು ಹೇಳುವುದು ಹೇಗೆ ಅನ್ನುವುದಕ್ಕೆ ಸುತ್ತೋಲೆ ಇಲ್ಲ. ನನ್ನ ಜೊತೆ ಕೆಲಸ ಮಾಡಿದ್ದ ಪವಿತ್ರ ಎಂಬ ಹುಡುಗಿ ಈಚೆಗೆ ಒಂದು ಶಾಲೆಯ ಉಸ್ತುವಾರಿ ವಹಿಸಿಕೊಂಡಳು. ಮೊನ್ನೆ ಫೋನು ಮಾಡಿ, “ಒಬ್ರಿಗೆ ಒಂದು ಮಾತು ಹೇಳ್ಬೇಕು ಮೇಡಂ, ಹದಿನೈದು ದಿನದಿಂದ ನಿದ್ದೆ ಇಲ್ಲ” ಅಂದಳು. ಅವಳಿಗೆ ಫೋನಿನಲ್ಲಿ ಹೇಳಿದ್ದು ಸ್ವಲ್ಪ. ಉಳಿದದ್ದನ್ನು ಬರೆದಿಟ್ಟರೆ ಅವಳಂಥ ಇನ್ನೂ ನಾಲ್ಕು ಜನಕ್ಕೆ ಉಪಯೋಗವಾಗಬಹುದು ಎಂದು ಕೂತಿದ್ದೇನೆ.

ನನಗೂ ಈ ವಿದ್ಯೆ ಹುಟ್ಟಿನಿಂದ ಬಂದದ್ದಲ್ಲ. ನಮ್ಮದು ಮುಳಬಾಗಿಲಿನಲ್ಲಿ ತಲೆತಲಾಂತರದಿಂದ ನೆಲೆಸಿದ ಶಾನುಭೋಗರ ಮನೆ. ಅಪ್ರಿಯವಾದದ್ದನ್ನು ಯಾರೂ ಯಾರಿಗೂ ನೇರವಾಗಿ ಹೇಳುತ್ತಿರಲಿಲ್ಲ. ಚಿಕ್ಕಪ್ಪನ ಮೇಲೆ ಸಿಟ್ಟು ಬಂದರೆ ನಮ್ಮಪ್ಪ ನಡುಮನೆಯ ಕಂಬದ ಕಡೆ ತಿರುಗಿ, “ಕೆಲವರಿಗೆ ಮನೆ ಜವಾಬ್ದಾರಿ ಅಂದ್ರೆ ಏನೂಂತಲೇ ಗೊತ್ತಿಲ್ಲ” ಅನ್ನುತ್ತಿದ್ದರು. ಚಿಕ್ಕಪ್ಪ ಇನ್ನೊಂದು ಕಂಬಕ್ಕೆ ಉತ್ತರ ಕೊಡುತ್ತಿದ್ದರು. ಹೀಗೆ ಬೆಳೆದವಳು ನಾನು.

ಮೊದಲ ಪಾಠ ಕಲಿತದ್ದು ಮಾಲೂರು ಕಡೆಯ ಒಂದು ಶಾಲೆಯಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ. ಅಲ್ಲಿನ ಹೆಡ್‌ಮಾಸ್ಟರು ಶಿಸ್ತಿನ ಮನುಷ್ಯ. ಎಲ್ಲರಿಗಿಂತ ಮುಂಚೆ ಬಂದು ಗೇಟಿನಲ್ಲಿ ನಿಲ್ಲುತ್ತಿದ್ದರು. ವಿಜ್ಞಾನದ ಸರೋಜಮ್ಮ ಬಸ್ಸಿನ ದೆಸೆಯಿಂದ ಆಗಾಗ ತಡವಾಗಿ ಬರುತ್ತಿದ್ದರು. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವರು ಗೇಟು ದಾಟಿದರು. ಹೆಡ್‌ಮಾಸ್ಟರು ಮೈಕು ಕೈಯಲ್ಲಿ ಹಿಡಿದಿದ್ದವರು ಹಾಗೇ, “ಮಕ್ಕಳೇ, ತಡವಾಗಿ ಬರೋದು ಹೇಗೆ ಅಂತ ಮೇಡಂ ಈಗ ತೋರಿಸಿಕೊಟ್ರು, ನೋಡಿದ್ರಲ್ಲ?” ಅಂದರು. ಮಕ್ಕಳು ನಕ್ಕರು. ಸರೋಜಮ್ಮ ಬ್ಯಾಗು ಎದೆಗವಚಿಕೊಂಡು ನಮ್ಮ ಸಾಲಿನಲ್ಲಿ ಬಂದು ನಿಂತರು. ಅವರ ಕಿವಿಯ ಓಲೆ ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು.

ಅವತ್ತಿನಿಂದ ಅವರು ತಡ ಮಾಡಲಿಲ್ಲ, ನಿಜ. ಆದರೆ ಅವರು ತರಗತಿಗೆ ಹೋದರೆ ಹಿಂದಿನ ಬೆಂಚಿನವರು ಬರಿಗೈಯಲ್ಲಿ ಗಡಿಯಾರ ನೋಡಿಕೊಳ್ಳುವ ಆಟ ಕಟ್ಟುತ್ತಿದ್ದರು. ಪ್ರಯೋಗ ಮಾಡಿಸುವಾಗ ಮಕ್ಕಳ ನಡುವೆ ಓಡಾಡುತ್ತಿದ್ದವರು ಮೇಜಿನ ಹಿಂದಿನಿಂದ ಕದಲುವುದನ್ನೇ ಬಿಟ್ಟರು. ವರ್ಷ ತುಂಬುವುದರೊಳಗೆ ವರ್ಗಾವಣೆ ಕೇಳಿಕೊಂಡು ಹೋದರು. ಬೀಳ್ಕೊಡುಗೆಯ ದಿನ ಹೆಡ್‌ಮಾಸ್ಟರು ನನ್ನನ್ನು ಕೇಳಿದರು: “ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತಮ್ಮಾ?” ಸುಳ್ಳೇನೂ ಇರಲಿಲ್ಲ. ನಿಜವನ್ನು ಎಲ್ಲಿ ನಿಂತು ಹೇಳುತ್ತೇವೆ ಅನ್ನುವುದೂ ಆ ನಿಜದ ಭಾಗವೇ ಎಂದು ಅವರಿಗೆ ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಇದ್ದಿದ್ದರೆ ಬಹುಶಃ ಕಂಬಕ್ಕೆ ಹೇಳುತ್ತಿದ್ದೆ.

ಆಮೇಲೆ ಎಷ್ಟೋ ವರ್ಷಕ್ಕೆ ಯಲ್ದೂರು ಕಡೆಯ ಶಾಲೆಗೆ ನಾನೇ ಮುಖ್ಯೋಪಾಧ್ಯಾಯಿನಿಯಾಗಿ ಹೋದೆ. ಶ್ರೀನಿವಾಸಪುರದ ಸೀಮೆಯಲ್ಲಿ ಮಾವಿನ ಸುಗ್ಗಿಗೂ ಶಾಲೆ ಶುರುವಾಗುವುದಕ್ಕೂ ಒಂದೇ ಮುಹೂರ್ತ. ಸಮಾಜ ವಿಜ್ಞಾನದ ಚೌಡರೆಡ್ಡಿಯವರಿಗೆ ಊರಾಚೆ ದೊಡ್ಡ ತೋಟ. ಜೂನ್ ತಿಂಗಳಿಡೀ ಬೆಳಿಗ್ಗೆ ಸಹಿ ಹಾಕಿ, ಎರಡನೇ ಪೀರಿಯಡ್ಡಿನ ಹೊತ್ತಿಗೆ ಮಾವಿನ ಮಂಡಿಯಲ್ಲಿರುತ್ತಿದ್ದರು. ಮಾಲೂರಿನ ಹೆಡ್‌ಮಾಸ್ಟರ ಹಾಗೆ ಮಾತ್ರ ಆಗಬಾರದು ಎಂದು ನಿಶ್ಚಯಿಸಿಕೊಂಡು ಅವರನ್ನು ನನ್ನ ಕೋಣೆಗೇ ಕರೆದೆ. ಅವರು ಬರುವಾಗ ಬುಟ್ಟಿ ತುಂಬ ಬಾದಾಮಿ ಹಣ್ಣು ತಂದರು. “ನಮ್ಮ ತೋಟದ್ದೇ ಮೇಡಂ, ಔಷಧಿ ಹೊಡೆದಿಲ್ಲ, ಹುಲ್ಲಲ್ಲಿ ಹಣ್ಣು ಮಾಡಿರೋದು.” ಕೋಣೆಯೆಲ್ಲ ಘಮಘಮ. ನಾನು ಮಳೆಯ ವಿಚಾರ ಕೇಳಿದೆ, ಮಗಳ ಓದಿನ ವಿಚಾರ ಕೇಳಿದೆ, ಅವರ ಪಾಠವನ್ನು ಮಕ್ಕಳು ಮೆಚ್ಚುತ್ತಾರೆ ಎಂದೆ. ಕೊನೆಯಲ್ಲಿ, “ಸ್ವಲ್ಪ ಸಮಯದ ಕಡೆ ನೋಡ್ಕೊಳ್ಳಿ” ಎಂದು ಸೇರಿಸಿದೆ. ಅವರು ಗಡಿಯಾರ ನೋಡಿ, “ಅಯ್ಯೋ ಹೌದು, ತಡ ಆಯ್ತು, ಬರ್ತೀನಿ ಮೇಡಂ” ಎಂದು ಎದ್ದು ಮಂಡಿಗೆ ಹೊರಟೇ ಹೋದರು. ಹೊಸ ಮೇಡಂ ತಮ್ಮನ್ನು ಬಾಯಿ ತುಂಬ ಹೊಗಳಿದರೆಂದು ಆಮೇಲೆ ಎಲ್ಲರಿಗೂ ಹೇಳಿಕೊಂಡರಂತೆ.

ಮುಂದಿನ ವಾರ ಮತ್ತೆ ಕರೆದೆ. ಅವರು ಕೂರುತ್ತಿದ್ದ ಹಾಗೇ, “ಚೌಡರೆಡ್ಡಿಯವರೇ, ಜೂನ್ ತಿಂಗಳಲ್ಲಿ ನೀವು ಶಾಲೇಲಿ ಇರಲ್ಲ. ಮಕ್ಕಳು ಸುಮ್ನೆ ಕೂತಿರ್ತಾರೆ. ಇದು ನಿಲ್ಲಬೇಕು” ಎಂದೆ. ಎಂದವಳು ಬಾಯಿ ಮುಚ್ಚಿಕೊಂಡೆ. ಆ ಸುಮ್ಮನಿರುವುದಿದೆಯಲ್ಲ, ಅದಕ್ಕಿಂತ ಕಷ್ಟದ ಕೆಲಸ ನಾನು ಕಂಡಿಲ್ಲ. ‘ತಪ್ಪು ತಿಳ್ಕೋಬೇಡಿ’, ‘ನಂಗೂ ಮೇಲಿಂದ ಒತ್ತಡ’ ಎಂದೆಲ್ಲ ನಾಲಿಗೆಯ ತುದಿಗೆ ಬರುತ್ತದೆ. ಬಂದ ಪ್ರತಿಯೊಂದು ಮಾತೂ ಹೇಳಿದ್ದನ್ನು ಅಳಿಸಿ ಹಾಕುತ್ತದೆ. ಚೌಡರೆಡ್ಡಿಯವರ ಮುಖ ಕೆಂಪಾಯಿತು. ಫ್ಯಾನು ನೋಡಿದರು, ಕಿಟಕಿ ನೋಡಿದರು. ಕೊನೆಗೆ, “ಇದನ್ನ ಹೋದ ವರ್ಷವೇ ಯಾರಾದ್ರೂ ನೆಟ್ಟಗೆ ಹೇಳಿದ್ರೆ ಫಸಲನ್ನ ಗುತ್ತಿಗೆಗೆ ಕೊಟ್ಬಿಡ್ತಿದ್ದೆ ಮೇಡಂ. ಎಲ್ರೂ ನಗ್ತಾ ಹಣ್ಣು ತಗೊಳ್ತಿದ್ರು, ನಡೀತದೆ ಅಂದ್ಕೊಂಡೆ” ಅಂದರು. ಮರುವರ್ಷ ತೋಟವನ್ನು ಗುತ್ತಿಗೆಗೆ ಕೊಟ್ಟೂಬಿಟ್ಟರು.

ಈ ಎರಡರಿಂದ ನಾನು ಕಲಿತದ್ದು ಎರಡು: ಮರೆಯಲ್ಲಿ ಹೇಳು, ಮೊದಲ ಮಾತಿನಲ್ಲೇ ಹೇಳು. ಇಷ್ಟು ಗೊತ್ತಿದ್ದರೆ ಸಾಕು ಎಂದುಕೊಂಡಿದ್ದೆ. ನಾರಾಯಣಸ್ವಾಮಿ ಮೇಷ್ಟ್ರ ವಿಷಯದಲ್ಲಿ ಮೊದಲನೆಯದೇ ಕೈಕೊಟ್ಟಿತು.

ಅದು ನನ್ನ ಕೊನೆಯ ಶಾಲೆ, ದೇವರಾಯಸಮುದ್ರದ ಆಸುಪಾಸಿನಲ್ಲಿ. ನಾರಾಯಣಸ್ವಾಮಿ ಮೇಷ್ಟ್ರು ಅಲ್ಲಿ ಗಣಿತ ಹೇಳುತ್ತಿದ್ದರು. ಕೋಲಾರ ತಾಲ್ಲೂಕಿನ ಸುಗಟೂರಿನ ರೈತರ ಮಗ. ಅಣ್ಣ ಈಗಲೂ ಅಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಾರೆ. ಮೇಷ್ಟ್ರು ಬರಿಗೈಯಲ್ಲಿ ಬೋರ್ಡಿನ ಮೇಲೆ ವೃತ್ತ ಎಳೆದರೆ ಕೈವಾರದಲ್ಲಿ ಎಳೆದಂತಿರುತ್ತಿತ್ತು. ಸುತ್ತಲ ಊರುಗಳಲ್ಲಿ ಅಪ್ಪನಿಗೂ ಮಗನಿಗೂ ಅವರೇ ಲೆಕ್ಕ ಹೇಳಿಕೊಟ್ಟ ಮನೆಗಳಿದ್ದವು. ಅಂಥವರ ತರಗತಿಯಲ್ಲಿ ಏನೋ ಸರಿಯಿಲ್ಲ ಎಂದು ನನಗೆ ನಿಧಾನವಾಗಿ ಗೊತ್ತಾಗತೊಡಗಿತು.

ಮೊದಲೆಲ್ಲ ಮಕ್ಕಳನ್ನು ಬೋರ್ಡಿಗೆ ಕರೆದು ಲೆಕ್ಕ ಮಾಡಿಸುತ್ತಿದ್ದವರು ಈಗ ಪೀರಿಯಡ್ಡು ಪೂರ್ತಿ ತಾವೇ ಬರೆಯುತ್ತಿದ್ದರು, ಬೆನ್ನು ತಿರುಗಿಸಿಕೊಂಡು. ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತು ಅವರದೇ. ಮಾತಾಡುತ್ತಿದ್ದರೆ ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವ ಕಷ್ಟ ಇಲ್ಲವಲ್ಲ ಎಂದು ಆಗ ನನಗೆ ಹೊಳೆದಿರಲಿಲ್ಲ. ಸಭೆಯಲ್ಲಿ ಕ್ರೀಡಾಕೂಟದ ಬಗ್ಗೆ ಕೇಳಿದರೆ ಕಿರುಪರೀಕ್ಷೆಯ ಬಗ್ಗೆ ಉತ್ತರ ಕೊಡುತ್ತಿದ್ದರು. ಕೆಲವರು ತಲೆ ತಗ್ಗಿಸಿ ನಗುತ್ತಿದ್ದರು. ಇಂಗ್ಲಿಷ್ ಹೇಳುತ್ತಿದ್ದ ಪವಿತ್ರ, ನಾನು ಮೇಲೆ ಹೇಳಿದ ಹುಡುಗಿಯೇ, ಒಂದು ದಿನ ನನ್ನ ಹತ್ತಿರ ಅಂದಳು: “ಸಾರ್‌ಗೆ ಕಿವಿ ಕೇಳ್ತಿಲ್ಲ ಮೇಡಂ. ನಮ್ಗೆಲ್ಲ ಗೊತ್ತು. ಹೇಳೋರ್ಯಾರು?”

ಯಾರೋ ಒಬ್ಬರು ಬಾಯಿಬಿಡದೆ ಹೇಳಲು ನೋಡಿದರು. ಪತ್ರಿಕೆಯಲ್ಲಿ ಬಂದಿದ್ದ ಶ್ರವಣ ಸಾಧನದ ಜಾಹೀರಾತನ್ನು ಕತ್ತರಿಸಿ ಮೇಷ್ಟ್ರ ಪಠ್ಯಪುಸ್ತಕದೊಳಗೆ ಇಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ ಇಟ್ಟಿರಬಹುದು. ಮೇಷ್ಟ್ರು ಅದನ್ನು ಹಿಡಿದುಕೊಂಡು ಸ್ಟಾಫ್ ರೂಮಿನ ನಡುವೆ ನಿಂತು, “ಯಾರ್ರೀ ಇದು? ಗಂಡಸಾಗ್ಲಿ ಹೆಂಗಸಾಗ್ಲಿ ಎದುರಿಗೆ ಬಂದು ಹೇಳಿ” ಎಂದು ಕೂಗಿದರು. ಕಾಗದವನ್ನು ಚೂರುಚೂರು ಮಾಡಿ ಕಿಟಕಿಯಿಂದಾಚೆ ಎಸೆದರು. ಅವತ್ತಿನಿಂದ ಟೀಗೂ ನಮ್ಮ ಜೊತೆ ಕೂರಲಿಲ್ಲ.

ಅದೇ ಸಮಯಕ್ಕೆ ಒಂಬತ್ತನೇ ತರಗತಿಯ ನಂದಿನಿಯ ಅಪ್ಪ ಬಂದರು. ಡೇರಿಗೆ ಹಾಲು ಹಾಕಿ ಹಾಗೇ ಕ್ಯಾನಿನ ಸಮೇತ ಶಾಲೆಗೆ ಬಂದಿದ್ದರು. “ನಮ್ಮ ಹುಡ್ಗೀನ ಒಂದು ವಾರದಿಂದ ಲೆಕ್ಕದ ಕ್ಲಾಸಲ್ಲಿ ಆಚೆ ನಿಲ್ಲಿಸ್ತಾವ್ರೆ ಮೇಡಂ. ಏನ್ ತಪ್ಪು ಮಾಡಿದ್ಲು ಹೇಳಿ, ನಾನೇ ಬುದ್ಧಿ ಹೇಳ್ತೀನಿ. ಅವ್ಳನ್ನ ಕೇಳಿದ್ರೆ ಬರೀ ಅಳ್ತಾಳೆ” ಅಂದರು. ಜಗಳಕ್ಕೆ ಬಂದ ಮನುಷ್ಯನಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು.

ಮೇಷ್ಟ್ರನ್ನು ವಿಚಾರಿಸಿದರೆ, “ನನ್ನ ಅಣಕಿಸಿದ್ಲು” ಅಂದರು, ಅಷ್ಟೇ. ಮೇಲಧಿಕಾರಿಗಳಿಗೆ ಸುದ್ದಿ ಹೇಗೋ ಮುಟ್ಟಿತ್ತು. ಅವರು ಫೋನಿನಲ್ಲಿ, “ಒಂದು ಮೆಮೊ ಕೊಟ್ಬಿಡಿ ಮೇಡಂ. ಕಾಗದದಲ್ಲಿದ್ರೆ ನಾಳೆ ನಿಮ್ಮ ಮೇಲೆ ಬರಲ್ಲ” ಅಂದರು. ಕೆಟ್ಟ ಸಲಹೆಯಲ್ಲ, ನನ್ನನ್ನು ಕಾಪಾಡುವ ಸಲಹೆಯೇ. ಆದರೆ ಮೆಮೊ ಕೈಗೆ ಬಿದ್ದ ದಿನವೇ ಮೇಷ್ಟ್ರು ಸ್ವಯಂ ನಿವೃತ್ತಿಗೆ ಬರೆದುಕೊಡುತ್ತಾರೆ ಎಂದು ನನಗೆ ಗೊತ್ತಿತ್ತು. ಆ ಜಾಗಕ್ಕೆ ಇನ್ನೊಬ್ಬ ಗಣಿತದವರು ಯಾವಾಗ ಬರುತ್ತಾರೋ ದೇವರೇ ಬಲ್ಲ. ಜನ್ಮವೆಲ್ಲ ಪಾಠ ಹೇಳಿದ ಮನುಷ್ಯ ಒಂದು ಕಾಗದ ಹಿಡಿದುಕೊಂಡು ಶಾಲೆಯ ಮೆಟ್ಟಿಲಿಳಿದು ಹೋಗುವುದನ್ನು ನೋಡುವ ಮನಸ್ಸೂ ನನಗಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಅವರನ್ನು ನನ್ನ ಕೋಣೆಗೆ ಕರೆದೆ. ನನ್ನ ಕೋಣೆಗೂ ಸ್ಟಾಫ್ ರೂಮಿಗೂ ನಡುವೆ ಇದ್ದದ್ದು ಒಂದು ಹಲಗೆಯ ಅಡ್ಡಗೋಡೆ. ಮೆಲ್ಲಗೆ, ಮೊದಲ ಮಾತಿನಲ್ಲೇ, ಹೇಳಬೇಕಾದ್ದನ್ನು ಹೇಳಿದೆ: “ಮೇಷ್ಟ್ರೇ, ನಿಮಗೆ ಕಿವಿ ಸರಿಯಾಗಿ ಕೇಳಿಸ್ತಿಲ್ಲ ಅನ್ಸುತ್ತೆ.”

ಅವರು ನಗುಮುಖದಿಂದ ತಲೆಯಾಡಿಸಿದರು. “ಆಗ್ಲಿ ಮೇಡಂ. ಡಿಸೆಂಬರ್ ಒಳಗೆ ಸಿಲಬಸ್ ಮುಗಿಸ್ಬಿಡ್ತೀನಿ.”

ದನಿ ಏರಿಸಿ, “ಅದಲ್ಲ ಮೇಷ್ಟ್ರೇ...” ಎಂದೆ. ಅಡ್ಡಗೋಡೆಯ ಆಚೆ ಟೀ ಲೋಟಗಳ ಸದ್ದು ನಿಂತುಹೋಯಿತು. ಅಲ್ಲಿ ಎಷ್ಟು ಜನ ಕಿವಿಗೊಟ್ಟು ಕೂತಿದ್ದಾರೆ ಎನ್ನುವುದು ಆ ನಿಶ್ಶಬ್ದದಲ್ಲೇ ತಿಳಿಯಿತು. ನನ್ನೆದುರು ಕೂತ ಒಬ್ಬರಿಗೆ ಬಿಟ್ಟು ಉಳಿದವರಿಗೆಲ್ಲ ನನ್ನ ಮಾತು ಕೇಳಿಸುತ್ತಿತ್ತು. “ಸರಿ, ಹೋಗ್ಬನ್ನಿ” ಎಂದು ಕಳಿಸಿಬಿಟ್ಟೆ.

ಮನೆಗೆ ಬಂದು ಯೋಚಿಸಿದೆ. ಈಗಿನ ತರಬೇತಿಗಳಲ್ಲಿ ಇಂಥ ಮಾತಿಗೆ ಮುಂಚೆ ಏನೇನು ತಯಾರಿ ಮಾಡಿಕೊಳ್ಳಬೇಕೆಂದು ಚಾರ್ಟಿನಲ್ಲಿ ಬರೆದು ತೋರಿಸುತ್ತಾರೆ. ಆಮೇಲೆ ಅದೇ ಸಂಪನ್ಮೂಲ ವ್ಯಕ್ತಿಗಳೇ ವಾಟ್ಸಾಪ್ ಗುಂಪಿನಲ್ಲಿ, ಕೈಮುಗಿಯುವ ಚಿತ್ರ ಹಾಕಿ, ಕೆಲಸ ಬಾಕಿ ಇರುವವರ ಹೆಸರನ್ನು ಎಲ್ಲರಿಗೂ ಕಾಣುವ ಹಾಗೆ ಕಳಿಸುತ್ತಾರೆ. ಅದಿರಲಿ. ಚಾರ್ಟಿನಲ್ಲಿ ಒಂದು ಪ್ರಶ್ನೆ ಚೆನ್ನಾಗಿತ್ತು: ಮಾತು ಮುಗಿದ ಮೇಲೆ ಏನಾಗಬೇಕೆಂದು ನಿಮಗೆ ಆಸೆ? ಮೇಷ್ಟ್ರು ತಪ್ಪೊಪ್ಪಿಕೊಳ್ಳಬೇಕೆಂಬ ಆಸೆ ನನಗಿರಲಿಲ್ಲ. ಅವರು ಕಿವಿ ತೋರಿಸಿಕೊಳ್ಳಬೇಕು, ನಂದಿನಿ ಒಳಗೆ ಬರಬೇಕು. ಅಷ್ಟೇ. ಉಳಿದ ಎಲ್ಲ ಮಾತುಗಳನ್ನೂ ಕೈಬಿಟ್ಟೆ.

ಮರುದಿನ ನಂದಿನಿಯನ್ನು ಕರೆದು ಕೂರಿಸಿಕೊಂಡು ಕೇಳಿದೆ. ಅವಳ ಮನೆಮಾತು ತೆಲುಗು. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಪಕ್ಕದವಳಿಗೆ ಮೆಲ್ಲಗೆ “ಅರ್ಥಂ ಕಾಲೇದು” ಅಂದಳಂತೆ, ಅರ್ಥವಾಗಲಿಲ್ಲ ಅಂತ. ಪಕ್ಕದವಳು ‘ನನಗೂ ಅಷ್ಟೇ’ ಎಂದು ನಕ್ಕಳಂತೆ. ಅಷ್ಟರಲ್ಲಿ ಮೇಷ್ಟ್ರು ತಿರುಗಿದರು. ನಗುವ ಬಾಯಿ ಕಂಡಿತು, ಮಾತು ಕೇಳಿಸಲಿಲ್ಲ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮೇಷ್ಟ್ರ ಎದುರಿಗೇ ನಿಂತು, ತುಟಿ ಕಾಣುವ ಹಾಗೆ ಹೇಳಿದೆ: “ನಿಮ್ಮ ಹತ್ರ ಒಂದು ಕಷ್ಟದ ಮಾತು ಆಡೋದಿದೆ. ಇಲ್ಲಿ ಬೇಡ. ಕೆರೆ ಏರಿ ಮೇಲೆ ಹೋಗೋಣ ಬನ್ನಿ.” ನೆಪ ಹೇಳಬಹುದಿತ್ತು. ಗಿಡ ನೆಡಲು ಜಾಗ ನೋಡೋಣ ಎಂದೋ ಇನ್ನೇನೋ ಅನ್ನಬಹುದಿತ್ತು. ಆದರೆ ನೆಪ ಹೇಳಿ ಕರೆದುಕೊಂಡು ಹೋದ ಮೇಲೆ ಯಾವ ಒಳ್ಳೆಯ ಮಾತೂ ಮೋಸದಂತೆ ಕೇಳುತ್ತದೆ. ಹೆಡ್‌ಮೇಡಂ ಮೇಷ್ಟ್ರ ಜೊತೆ ಏರಿಯ ಮೇಲೆ ಹೋದರು ಎಂದು ಊರಿನವರು ಆಡಿಕೊಳ್ಳಬಹುದು ಅನ್ನುವುದೂ ತಲೆಗೆ ಬಂತು. ಹಾಡುಹಗಲು, ಎಲ್ಲರಿಗೂ ಕಾಣುವ ಜಾಗ. ಆಡಿಕೊಂಡರೆ ಆಡಿಕೊಳ್ಳಲಿ ಎಂದು ನಡೆದೆ.

ಏರಿಯ ಮೇಲೆ ಗಾಳಿ ಜೋರಾಗಿತ್ತು. ತೂಬಿನ ಹತ್ತಿರ ಗಾಳಿಗೆ ಮರೆಯಾದ ಕಲ್ಲುಗಳ ಮೇಲೆ ಎದುರುಬದುರು ಕೂತೆವು. ದೂರದಲ್ಲಿ ಒಬ್ಬ ಎಮ್ಮೆ ಮೈ ತೊಳೆಯುತ್ತಿದ್ದ. ನಾನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದೆ.

“ಮೇಷ್ಟ್ರೇ, ನಿಮಗೆ ಕಿವಿ ಸರಿಯಾಗಿ ಕೇಳಿಸ್ತಿಲ್ಲ.”

ಅವರು ನೀರಿನ ಕಡೆ ನೋಡಿದರು. “ಯಾರು ಹೇಳಿದ್ದು?”

“ಯಾರೂ ಹೇಳ್ಬೇಕಾಗಿಲ್ಲ. ನಾನೇ ನೋಡಿದೀನಿ.”

“ಮೆಮೊ ಕೊಡೋಕೆ ಇಷ್ಟು ದೂರ ಕರ್ಕೊಂಡ್ ಬಂದ್ರಾ?”

“ಮೆಮೊ ಕೊಡೋದಾಗಿದ್ರೆ ಆಫೀಸಲ್ಲೇ ಕೊಡ್ತಿದ್ದೆ.”

“ಇಷ್ಟು ವರ್ಷ ಪಾಠ ಹೇಳಿದೀನಿ ಮೇಡಂ. ಒಬ್ಬ, ಒಬ್ಬನೇ ಒಬ್ಬ ನನ್ನ ಕಡೆ ಬೆರಳು ಮಾಡಿಲ್ಲ.” ಎದ್ದು ನಿಂತರು. ಅವರು ರೇಗಬಹುದು, ಇಲ್ಲವೆಂದು ವಾದಿಸಬಹುದು ಎಂದು ಎಣಿಸಿದ್ದೆ. ಎದ್ದು ಹೋಗಿಬಿಡುತ್ತಾರೆಂದು ಎಣಿಸಿರಲಿಲ್ಲ. ಏರಿಯ ಮೇಲೆ ದಾಪುಗಾಲು ಹಾಕುತ್ತ ಹೊರಟೇಬಿಟ್ಟರು. ಹಿಂದಿನಿಂದ ಕೂಗಿದರೆ ಕೇಳಿಸುವುದಿಲ್ಲ. ಓಡಿಹೋಗಿ ತೋಳು ಹಿಡಿಯಲು ಬರುವುದಿಲ್ಲ. ಕೂತಲ್ಲೇ ಕೂತೆ. ಎಲ್ಲ ಕೆಡಿಸಿಬಿಟ್ಟೆನೇ, ಮೆಮೊವೇ ವಾಸಿಯಿತ್ತೇ ಎಂದು ಅನ್ನಿಸಿದ್ದು ಸುಳ್ಳಲ್ಲ.

ಕೋಡಿಯವರೆಗೂ ಹೋದವರು ಅಲ್ಲಿ ನಿಂತರು. ತುಂಬ ಹೊತ್ತು ನಿಂತಿದ್ದರು. ಆಮೇಲೆ ಅದೇ ದಾರಿಯಲ್ಲಿ ನಿಧಾನವಾಗಿ ತಿರುಗಿ ಬಂದು, ಅದೇ ಕಲ್ಲಿನ ಮೇಲೆ ಕೂತರು.

“ಹುಳ ಮೇಯೋ ಸದ್ದು ಕೇಳಿದೀರಾ ಮೇಡಂ?” ಅಂದರು.

ಇಲ್ಲವೆಂದು ತಲೆಯಾಡಿಸಿದೆ.

“ನಾಕನೇ ಜ್ವರ, ಅಂದ್ರೆ ಪೊರೆ ಬಿಡೋ ನಿದ್ದೆ, ಅದರಿಂದ ಎದ್ದ ಮೇಲೆ ಹುಳಕ್ಕೆ ಹಸಿವು ಜಾಸ್ತಿ. ಸೊಪ್ಪು ಹಾಕಿದ್ರೆ ಮನೆಯೊಳಗೆ ಮಳೆ ಹುಯ್ದಂಗೆ ಸದ್ದು. ಚಿಕ್ಕವನಿದ್ದಾಗ ಅದನ್ನ ಕೇಳ್ತಾ ಮಲಗ್ತಿದ್ದೆ. ಹೋದ ವರ್ಷ ಊರಿಗೆ ಹೋದಾಗ ಅಣ್ಣ ಅಂದ, ಎಷ್ಟು ಜೋರಾಗಿ ಮೇಯ್ತಾವೆ ನೋಡೋ ಅಂತ. ನಾನು ತಟ್ಟೆ ಪಕ್ಕದಲ್ಲೇ ನಿಂತಿದ್ದೆ. ಹುಳದ ಬಾಯಿ ಆಡ್ತಿತ್ತು. ನಂಗೆ ಏನೂ ಇಲ್ಲ. ಹೌದಣ್ಣ ಅಂದ್ಬಿಟ್ಟೆ.” ಕಲ್ಲಿನ ಪಕ್ಕದ ಹುಲ್ಲಿನ ಎಸಳೊಂದನ್ನು ಕಿತ್ತರು. “ನಮ್ಮಪ್ಪನಿಗೂ ಹಿಂಗೇ ಆಗಿತ್ತು. ಊರಲ್ಲಿ ಅವ್ರ ಹೆಸರೇ ಹೋಗಿ ಚೆವಿಟೋಡು ಅಂತಾಯ್ತು. ಕಿವುಡ ಅಂತ. ಸತ್ತ ದಿನಾನೂ ಚೆವಿಟೋಡು ಹೋದ ಅಂದ್ರು. ನನ್ನ ಮಕ್ಕಳು ನನ್ನ ಹಂಗೆ ಕರೀಬಾರ್ದು ಅಂತ...”

‘ನನ್ನ ಮಕ್ಕಳು’ ಎಂದು ಅವರು ಹೇಳಿದ್ದು ಶಾಲೆಯ ಮಕ್ಕಳನ್ನು.

ಆಗ ನಂದಿನಿಯ ಮಾತು ಹೇಳಿದೆ. ಅವಳು ಅಂದದ್ದು ಏನು, ಯಾರಿಗೆ ಅಂದಳು, ನಕ್ಕವಳು ಯಾಕೆ ನಕ್ಕಳು ಎಲ್ಲವನ್ನೂ. “ಅಣಕಿಸಿದ್ದಲ್ಲ ಮೇಷ್ಟ್ರೇ. ಅರ್ಥ ಆಗಲಿಲ್ಲ ಅಂದಳು, ಅಷ್ಟೇ.”

ಅವರು ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡರು. “ಅಯ್ಯೋ ಮೇಡಂ... ವಾರ ಪೂರ್ತಿ ಆಚೆ ನಿಲ್ಲಿಸ್ಬಿಟ್ನಲ್ಲ.” ಕಿವಿಯ ಮಾತಿಗೆ ಒದ್ದೆಯಾಗದ ಕಣ್ಣು ಈ ಮಾತಿಗೆ ಒದ್ದೆಯಾಯಿತು. ನಾನು ಬೇರೆ ಕಡೆ ನೋಡಿದೆ.

ಕೋಲಾರದಲ್ಲಿ ಕಿವಿ ತಪಾಸಣೆ ಮಾಡುವ ವೈದ್ಯರ ವಿಚಾರ ಹೇಳಿದೆ. ರಸ್ತೆ ಬದಿಯ ಕೋಣೆ ಬಿಟ್ಟು ಹಿಂದಿನ ಕೋಣೆಯಲ್ಲಿ ಅವರ ತರಗತಿ ಹಾಕಿಕೊಡುತ್ತೇನೆ ಎಂದೆ. “ಮಿಷನ್ನು ಸಿಗಿಸ್ಕೊಂಡು ಪಾಠ ಹೇಳೋದಾ?” ಎಂದರು. “ಇವತ್ತೇ ತೀರ್ಮಾನ ಬೇಡ, ಸೋಮವಾರ ಮಾತಾಡೋಣ” ಎಂದು ಎದ್ದೆ. ಗೆದ್ದೆ ಅಂದುಕೊಂಡಾಗ ಇನ್ನೊಂದು ಮಾತು ಹೆಚ್ಚು ಆಡಿ ಕೆಡಿಸಿದವರನ್ನು ನೋಡಿದ್ದೇನೆ.

ಸೋಮವಾರ ಅವರು ಬರಲಿಲ್ಲ. ಪಕ್ಕದೂರಿನ ಹುಡುಗನ ಕೈಯಲ್ಲಿ ರಜೆ ಚೀಟಿ ಬಂತು, ಕಾರಣ ಬರೆದಿರಲಿಲ್ಲ. ಮರುದಿನವೂ ಇಲ್ಲ. ಸ್ಟಾಫ್ ರೂಮಿನಲ್ಲಿ ಗುಸುಗುಸು. ಮೇಡಂ ಏರಿಯ ಮೇಲೆ ಏನಂದರೋ, ಮೇಷ್ಟ್ರು ರಾಜೀನಾಮೆ ಬರೆಯುತ್ತಿದ್ದಾರಂತೆ ಎಂದು ಒಬ್ಬರು ಹೇಳಿದ್ದು ಅಡ್ಡಗೋಡೆ ದಾಟಿ ನನಗೂ ಬಂತು. ಅಧಿಕಾರಿಗಳು ಫೋನು ಮಾಡಿ, “ಮೆಮೊ ಕೊಟ್ರಾ?” ಎಂದು ಕೇಳಿದರು. ಇಲ್ಲ ಎಂದೆ. “ನೋಡ್ಕೊಳ್ಳಿ ಮತ್ತೆ” ಅಂದರು.

ಫೋನು ಮಾಡಿ ಮೇಷ್ಟ್ರ ಜೊತೆ ಮಾತಾಡುವಂತಿರಲಿಲ್ಲ. ಆದರೂ ಮಾಡಿದೆ. ಅವರ ಹೆಂಡತಿ ರತ್ನಮ್ಮ ಎತ್ತಿಕೊಂಡರು.

“ಅವ್ರು ಕೋಲಾರಕ್ಕೆ ಹೋಗವ್ರೆ ಮೇಡಂ. ನಿನ್ನೇನೂ ಹೋಗಿದ್ರು. ಕಿವಿಗೆ.” ಆಮೇಲೆ ದನಿ ತಗ್ಗಿತು. “ನಾನೇ ಹೇಳ್ಬೇಕು ಅಂತ ಎಷ್ಟು ದಿನದಿಂದ ಇದ್ದೆ ಗೊತ್ತಾ? ಬಾಯೇ ಬರ್ಲಿಲ್ಲ. ಟಿವಿ ಸೌಂಡು ಕಮ್ಮಿ ಮಾಡ್ರಿ ಅಂತ ಮಾತ್ರ ಅಂತಿದ್ದೆ. ಅದಕ್ಕೂ ಜಗಳ. ಶನಿವಾರ ಮನೆಗೆ ಬಂದು ಊಟ ಮುಂದಿಟ್ಕೊಂಡು, ನಂಗೆ ಕಿವಿ ಕೇಳ್ಸಲ್ಲ ಕಣೇ ಅಂದ್ರು. ನಾನು ಗೊತ್ತು ಅನ್ಲಿಲ್ಲ ಮೇಡಂ. ಹೌದಾ ಅಂದೆ.”

ರತ್ನಮ್ಮನ ಆ ‘ಹೌದಾ’ ನಾನು ಕಂಡ ಯಾವ ತರಬೇತಿಗಿಂತಲೂ ದೊಡ್ಡದು.

ಆ ವಾರದ ಕೊನೆಯಲ್ಲಿ ಮೇಷ್ಟ್ರು ಶಾಲೆಗೆ ಬಂದು ಸಹಿ ಹಾಕಿ ನನ್ನ ಕೋಣೆಗೆ ಬಂದರು. ಬಲಗಿವಿಯಲ್ಲಿ ಸಣ್ಣದೊಂದು ಸಾಧನ. ಎಡಗಿವಿ ತೀರ ಹೋಗಿದೆಯಂತೆ, ಅದಕ್ಕೆ ಇದರಿಂದಲೂ ಪ್ರಯೋಜನವಿಲ್ಲವಂತೆ. ಬಲಗಿವಿಯಲ್ಲೂ ಎಲ್ಲವೂ ಸಲೀಸಾಗಿ ಕೇಳುವುದಿಲ್ಲ. ಫ್ಯಾನಿನ ಸದ್ದೇ ಲಾರಿಯ ಹಾಗೆ ಕೇಳುತ್ತದೆ, ಕೆಲವು ಸಲ ಕುಯ್ ಎಂದು ಕೂಗುತ್ತದೆ ಎಂದರು. “ಒಂಬತ್ತನೇ ಕ್ಲಾಸಿಗೆ ಹೋಗ್ತೀನಿ ಮೇಡಂ.”

“ನಾನೂ ಬರ್ಲಾ?” ಎಂದೆ.

“ಬೇಡ. ಈ ಮಾತು ನಾನೇ ಆಡ್ಬೇಕು.”

ಒಳಗೆ ಹೋಗಲಿಲ್ಲ, ಆದರೆ ನನ್ನ ಕಾಲು ನಿಲ್ಲಲಿಲ್ಲ. ವರಾಂಡದಲ್ಲಿ ಕಿಟಕಿಯ ಪಕ್ಕ ಗೋಡೆಗೆ ಒರಗಿ ನಿಂತೆ. ಒಳಗೆ ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿ ಕೂತ ಸದ್ದಾಯಿತು. ಮೇಷ್ಟ್ರು ಬೋರ್ಡಿನ ಕಡೆ ಹೋಗಲಿಲ್ಲ.

“ನಂದಿನಿ, ಒಳಗೆ ಬಾರಮ್ಮ. ನಿನ್ನ ಜಾಗದಲ್ಲಿ ಕೂತ್ಕೋ.” ಮೇಷ್ಟ್ರು ಬಂದದ್ದು ಕಂಡು ತಾನಾಗಿಯೇ ಆಚೆ ಬಂದು ಬಾಗಿಲ ಪಕ್ಕ ನಿಂತಿದ್ದ ಹುಡುಗಿ ಒಳಗೆ ಹೋದಳು. “ಅವತ್ತು ನೀನು ನನ್ನ ಅಣಕಿಸ್ತಿದೀಯ ಅಂದ್ಕೊಂಡೆ. ನೀನು ಹೇಳಿದ್ದೇ ಬೇರೆ, ನಂಗೆ ಕೇಳ್ಸಲಿಲ್ಲ. ಎಲ್ಲರ ಮುಂದೆ ಆಚೆ ಕಳಿಸಿದೆ, ಅದಕ್ಕೆ ಎಲ್ಲರ ಮುಂದೇನೇ ಹೇಳ್ತಿದೀನಿ. ನನ್ನಿಂದ ತಪ್ಪಾಯ್ತು ಕಣಮ್ಮ.”

ನಂದಿನಿ ಬೆಂಚಿನಲ್ಲಿ ಕೂತ ಸದ್ದಾಯಿತು.

“ಇನ್ನೊಂದು ಮಾತು. ನಿಮಗ್ಯಾರಿಗೂ ಗೊತ್ತಿಲ್ಲ. ನಂಗೆ ಸುಮಾರು ದಿನದಿಂದ ಕಿವಿ ಮಂದ ಆಗಿದೆ. ಇದು ಅದಕ್ಕೇ ಹಾಕಿರೋದು.” ಕಿವಿ ಮುಟ್ಟಿ ತೋರಿಸಿದರು ಎಂದು ಕಾಣುತ್ತದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, “ಗೊತ್ತು ಸಾರ್” ಅಂದ.

“ಏನಂದೆ?”

“ನಮಗೆ ಗೊತ್ತು ಸಾರ್,” ಈ ಸಲ ನಾಲ್ಕೈದು ದನಿ ಒಟ್ಟಿಗೆ. ಒಬ್ಬಳು ಸೇರಿಸಿದಳು: “ಅದಕ್ಕೇ ಸಾರ್, ನಾವು ಆನ್ಸರ್ ಹೇಳಿದ್ರೆ ಮಂಜುಳ ಮುಂದಿನ ಬೆಂಚಿಂದ ಇನ್ನೊಂದ್ಸಲ ಜೋರಾಗಿ ಹೇಳೋದು.”

ಮಂಜುಳ ಗಟ್ಟಿಬಾಯಿಯವಳೆಂದು ನಾನೇ ಎಷ್ಟೋ ಸಲ ಅವಳನ್ನು ಗದರಿಸಿದ್ದೆ.

ಮೇಷ್ಟ್ರ ಹೆಜ್ಜೆ ಬೆಂಚುಗಳ ಕಡೆ ಬಂತು. “ಗೊತ್ತಿತ್ತಾ? ಮತ್ತೆ ನಂಗೆ ಒಂದು ಮಾತು ಹೇಳ್ಬಾರ್ದಾ?”

ಬಾಯಿಬಿಟ್ಟವಳು ನಂದಿನಿ. ಅವಳ ದನಿ ಅಷ್ಟು ಗಟ್ಟಿಯಾಗಿ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ನೀವು ಕೇಳ್ಲೇ ಇಲ್ವಲ್ಲ ಸಾರ್.”

ನಗು ಎದ್ದಿತು, ಮೊದಲು ಮಕ್ಕಳದು, ಅದರ ಹಿಂದೆಯೇ ಮೇಷ್ಟ್ರದು. ಅವರು ನಗುವುದನ್ನು ಆ ವರ್ಷ ನಾನು ಕೇಳಿಯೇ ಇರಲಿಲ್ಲ. ನಗುವಿನ ಸದ್ದಿಗೆ ಸಾಧನ ಕುಯ್ ಎಂದಿರಬೇಕು, “ಮೆಲ್ಲಗೆ, ಮೆಲ್ಲಗೆ” ಎಂದರು. ಮಕ್ಕಳು ಇನ್ನಷ್ಟು ನಕ್ಕರು.

“ಸರಿ. ಈಗ ಕೇಳ್ತೀನಿ,” ಅಂದರು ಮೇಷ್ಟ್ರು. “ಎಲ್ಲಿಂದ ಅರ್ಥ ಆಗಿಲ್ಲ?”

“ಮೊದಲನೇ ಪಾಠದಿಂದ ಸಾರ್!”

ಇದನ್ನು ಹೇಳಿದವಳು ಮಂಜುಳ. ಯಾರೂ ಅವಳನ್ನು ತಿದ್ದಲಿಲ್ಲ. ಕಿಟಕಿಯ ಅಂಚಿನಿಂದ ನೋಡಿದೆ. ಮೇಷ್ಟ್ರು ಬೋರ್ಡಿನ ತುಂಬ ಇದ್ದದ್ದನ್ನೆಲ್ಲ ಒರೆಸಿ, ಸೀಮೆಸುಣ್ಣವನ್ನು ನಂದಿನಿಯ ಕಡೆ ಚಾಚಿ ನಿಂತಿದ್ದರು.